ನಾಲ್ಕಡಿ ನೀರಿನ ಮೇಲೆ ಒಂದು ಹಗಲು

ಬೆಳಿಗ್ಗೆ ಏಳಕ್ಕೆ ಧಕ್ಕೆ ಬಿಟ್ಟಾಗ ಹಾಯಿ ಇನ್ನೂ ಮಡಿಸಿಯೇ ಇತ್ತು. ಹಾಯಿದೋಣಿಗೆಂದು ಬಂದರೆ ಡೀಸೆಲ್ ಎಂಜಿನ್ನಿನ ಗುಡುಗುಡು. ಮುಖ ಸಪ್ಪಗಾದದ್ದು ಕಂಡು ದೋಣಿಯ ಯಜಮಾನರು, ‘ಗಾಳಿ ಏಳಲಿ, ತಾಳಿ’ ಎಂದರು.

ಇದು ಫ್ಲೋರಿಡಾದ ಪೂರ್ವ ಕರಾವಳಿಯ ಇಂಡಿಯನ್ ರಿವರ್ ಲಗೂನ್. ಹೆಸರಿಗೆ ನದಿ, ನಿಜದಲ್ಲಿ ಸುಮಾರು 250 ಕಿಲೋಮೀಟರ್ ಉದ್ದದ ಹಿನ್ನೀರು. ದಕ್ಷಿಣಕ್ಕೆ ಹೊರಟ ನಮಗೆ ಎಡಕ್ಕೆ ಮರಳಿನ ದ್ವೀಪಗಳು, ಅವುಗಳಾಚೆ ಅಟ್ಲಾಂಟಿಕ್. ಲಗೂನಿನ ಸರಾಸರಿ ಆಳ ನಾಲ್ಕೇ ಅಡಿ. ನಮ್ಮ ದೋಣಿಗೆ ಬೇಕಾದದ್ದು ನಾಲ್ಕೂವರೆ. ಹಾಗಾಗಿ ಹೂಳೆತ್ತಿ ಮಾಡಿದ ಕಾಲುವೆಯಲ್ಲೇ ಸಾಗಬೇಕು. ಕೆಂಪು ತ್ರಿಕೋನದ ಕಂಬ ಬಲಕ್ಕೆ, ಹಸಿರು ಚೌಕದ ಕಂಬ ಎಡಕ್ಕೆ.

ಮೂರನೆಯದೋ ನಾಲ್ಕನೆಯದೋ ಕಂಬದ ನೆತ್ತಿಯಲ್ಲಿ ಕಡ್ಡಿಗಳ ದೊಡ್ಡ ರಾಶಿ. ಕಸವೇನೋ ಅಂದುಕೊಂಡೆ. ಅದರೊಳಗಿಂದ ಹಳದಿ ಕಣ್ಣೊಂದು ನಮ್ಮನ್ನೇ ನೋಡುತ್ತಿತ್ತು. ಆಸ್ಪ್ರೆ, ಮೀನು ಹಿಡಿಯುವ ಹದ್ದು. ಇದರ ಜಾತಿಯವು ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ಬರುತ್ತವೆ. ಸ್ವಲ್ಪ ಹೊತ್ತಿಗೆ ಜೋಡಿ ಹಕ್ಕಿಯೂ ಬಂತು. ಕಾಲಲ್ಲಿದ್ದ ಮೀನಿನ ತಲೆ ಮುಂದಕ್ಕಿತ್ತು, ಹಕ್ಕಿ ಅದರ ಮೇಲೆ ಸವಾರಿ ಹೊರಟಂತೆ.

ಮುಂದೆ ಸೇತುವೆ. 65 ಅಡಿ ಎತ್ತರವಿದೆ, ನಮ್ಮ ಹಾಯಿಕಂಬ ಅದಕ್ಕಿಂತ ಗಿಡ್ಡ ಎಂದು ಗೊತ್ತಿದ್ದರೂ, ಕೆಳಗಿನಿಂದ ನೋಡುವಾಗ ತಗುಲಿಯೇಬಿಟ್ಟಿತು ಅನ್ನಿಸಿ ತಲೆ ಬಗ್ಗಿಸಿದೆ. ಯಾರೂ ನಗಲಿಲ್ಲ. ಎಲ್ಲರಿಗೂ ಹಾಗೇ ಆಗುತ್ತದಂತೆ.

ಹತ್ತರ ಹೊತ್ತಿಗೆ ಗಾಳಿ ಎದ್ದಿತು. ಎಂಜಿನ್ ನಿಂತ ಮೇಲೆ ‘ಫುಸ್’ ಎಂಬ ಉಸಿರು ಕೇಳಿ ತಿರುಗಿದೆ: ಡಾಲ್ಫಿನ್‌ಗಳು, ಎರಡೋ ಮೂರೋ. ತುಸು ದೂರದಲ್ಲಿ ಕಂದು ಹೆಜ್ಜಾರ್ಲೆಯೊಂದು ರೆಕ್ಕೆ ಮಡಚಿ ಕಲ್ಲಿನಂತೆ ನೀರಿಗೆ ಬಿತ್ತು. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳು ಈಜುತ್ತಲೇ ಮೀನು ಬಾಚಿಕೊಳ್ಳುವವು. ಈ ಧುಮುಕಾಟ ನನಗೆ ಹೊಸದು. ಗರಿಗಾಗಿ ಹಕ್ಕಿಗಳನ್ನು ಕೊಲ್ಲುತ್ತಿದ್ದ ಕಾಲದಲ್ಲಿ, 1903ರಲ್ಲಿ, ಈ ಕಂದು ಹೆಜ್ಜಾರ್ಲೆಗಳಿಗೆಂದೇ ಈ ಹಿನ್ನೀರಿನ ಪುಟ್ಟ ದ್ವೀಪವೊಂದನ್ನು ಕಾಯ್ದಿಟ್ಟರು. ಅಮೆರಿಕದ ರಾಷ್ಟ್ರೀಯ ವನ್ಯಜೀವಿ ಧಾಮಗಳ ಸಾಲು ಶುರುವಾದದ್ದು ಅಲ್ಲಿಂದ.

ಮಧ್ಯಾಹ್ನ ಚುಕ್ಕಾಣಿ ನನ್ನ ಕೈಗೆ ಬಂತು. ದಡದ ಕಾಂಡ್ಲಾ ಬೇರುಗಳನ್ನು ನೋಡುತ್ತಾ ಹಸಿರು ಕಂಬವನ್ನು ಬಲಕ್ಕೆ ಬಿಟ್ಟುಬಿಟ್ಟೆ. ದೋಣಿ ಮೆತ್ತಗೆ ಮರಳಿಗೆ ಕೂತಿತು. ತಪ್ಪು ಪೂರ್ತಿ ನನ್ನದೇ.

ಹಾಯಿ ಇಳಿಸಿ, ಮುಂದೇನೆಂದು ಯೋಚಿಸುತ್ತಿರುವಾಗ ಪಕ್ಕದಲ್ಲೇ ಎರಡು ಮೂಗಿನ ಹೊಳ್ಳೆ ತೆರೆದು ಮುಚ್ಚಿದವು. ಮ್ಯಾನಟಿ, ಕಡಲಹಸು! ಎಮ್ಮೆಯಷ್ಟು ದಪ್ಪದ ಬೂದು ಬೆನ್ನು, ಅದರ ಮೇಲೆ ಸಾಲಾಗಿ ಬಿಳಿ ಗೆರೆಗಳು. ದೋಣಿಯ ಪ್ರೊಪೆಲ್ಲರ್ ಕೊಯ್ದ ಹಳೆಯ ಗಾಯಗಳು. ಅದು ಹುಲ್ಲು ಮೇಯುತ್ತಿತ್ತು. ಬಿಸಿಲು ತಳ ಮುಟ್ಟುವಲ್ಲಿ ಮಾತ್ರ ಕಡಲಹುಲ್ಲು ಬೆಳೆಯುತ್ತದೆ. ನಾವು ಹೆದರಿ ದೂರವಿಡುತ್ತಿದ್ದ ಆಳವಿಲ್ಲದ ನೀರೇ ಅದರ ಗೋಮಾಳ. ಊರುಗಳಿಂದ ಹರಿದುಬಂದ ಗೊಬ್ಬರ, ಕೊಳಚೆಯಿಂದ ಪಾಚಿ ಹಬ್ಬಿ, ಬಿಸಿಲು ತಡೆದು, ಇಲ್ಲಿ ಬಹಳಷ್ಟು ಹುಲ್ಲು ಸತ್ತಿತು. 2021ರಲ್ಲಿ ಫ್ಲೋರಿಡಾದಲ್ಲಿ ಸುಮಾರು 1,100 ಮ್ಯಾನಟಿಗಳು ಸತ್ತವು. ಈ ಲಗೂನಿನಲ್ಲಿ ಸತ್ತವುಗಳಲ್ಲಿ ಬಹಳಷ್ಟಕ್ಕೆ ಹಸಿವೇ ಕಾರಣ.

ಯಜಮಾನರು ಎಂಜಿನ್ ಕೀಲಿಗೆ ಕೈ ಹಾಕಲಿಲ್ಲ. ಕಡಲಹಸು ಮೇಯುತ್ತಾ ದೂರ ಸರಿಯುವವರೆಗೂ ನಾವು ಅಲ್ಲೇ ಕೂತಿದ್ದೆವು.