ಊರ ಹೆಸರನ್ನು ಹೊತ್ತು ತಂದವರು

ಮನೆಮಠ ಬಿಟ್ಟು ಓಡುವವರು ಏನನ್ನು ಹೊತ್ತೊಯ್ಯುತ್ತಾರೆ? ಕೈಗೆ ಸಿಕ್ಕ ಪಾತ್ರೆ ಪಡಗ, ಕಂಕುಳ ಕೂಸು. ಆಫ್ರಿಕದ ಸಹರಾವಿ ಜನರು ಇವುಗಳೊಡನೆ ತಮ್ಮ ಊರುಗಳ ಹೆಸರುಗಳನ್ನೂ ಹೊತ್ತು ತಂದರು. ಆಲ್ಜೀರಿಯದ ನೈಋತ್ಯ ಭಾಗದಲ್ಲಿ, ಟಿಂಡೂಫ್ ಪಟ್ಟಣದ ಆಸುಪಾಸಿನ ಕಲ್ಲುಮರಳಿನ ಬಯಲಿನಲ್ಲಿ, ಅವರ ಐದು ಬಿಡಾರಗಳಿವೆ: ಎಲ್ ಅಯೂನ್, ಸ್ಮಾರ, ದಖ್ಲ, ಔಸರ್ದ್, ಬೂಜ್ದೂರ್. ಇವೆಲ್ಲ ಅವರು ಕಳೆದುಕೊಂಡ ಪಶ್ಚಿಮ ಸಹಾರದ ಊರುಗಳ ಹೆಸರುಗಳೇ. ಮೂಲದ ದಖ್ಲ ಕಡಲಿಗೆ ಚಾಚಿಕೊಂಡಿರುವ ಊರು. ಬಿಡಾರದ ದಖ್ಲದಲ್ಲಿ ಹುಟ್ಟಿ ಬೆಳೆದ ಮಗುವಿಗೆ ಕಡಲೆಂಬುದು ಅಜ್ಜಿಯ ಬಾಯಿಂದ ಕೇಳಿದ ಮಾತು.

ಪಶ್ಚಿಮ ಸಹಾರ ಸ್ಪೇನಿನ ವಸಾಹತಾಗಿತ್ತು. 1975ರಲ್ಲಿ ಸ್ಪೇನ್ ಅಲ್ಲಿಂದ ಕಾಲ್ತೆಗೆಯಲು ಒಪ್ಪಿ, ಆಡಳಿತವನ್ನು ಮೊರಾಕೊ ಮತ್ತು ಮಾರಿಟೇನಿಯಗಳಿಗೆ ಬಿಟ್ಟುಕೊಟ್ಟಿತು. ನಾಡಿನ ಭವಿಷ್ಯವನ್ನು ಅಲ್ಲಿಯ ಜನರೇ ನಿರ್ಣಯಿಸಬೇಕೆಂಬ ತತ್ತ್ವವನ್ನು ಅಂತರರಾಷ್ಟ್ರೀಯ ನ್ಯಾಯಾಲಯ ಎತ್ತಿಹಿಡಿದು ಒಂದು ತಿಂಗಳು ಕಳೆದಿತ್ತಷ್ಟೆ! ಪೊಲಿಸಾರಿಯೊ ಎಂಬ ವಿಮೋಚನಾ ಸಂಘಟನೆ ಕಾದಿತು. ಬಾಂಬುಗಳಿಗೆ ಬೆದರಿದ ಹೆಂಗಸರು ಮಕ್ಕಳು ಪೂರ್ವದ ಗಡಿ ದಾಟಿದರು. ಮಾರಿಟೇನಿಯ 1979ರಲ್ಲಿ ಹಿಂದೆ ಸರಿಯಿತು. ಮೊರಾಕೊ ಸರಿಯಲಿಲ್ಲ, ಸುಮಾರು 2,700 ಕಿಲೋಮೀಟರು ಉದ್ದದ ಮರಳುಗೋಡೆಯನ್ನೇ ಎಬ್ಬಿಸಿತು.

1991ರಲ್ಲಿ ಕದನವಿರಾಮವಾಗಿ, ಜನಮತಗಣನೆ ನಡೆಸಲು ವಿಶ್ವಸಂಸ್ಥೆ ತನ್ನ ನಿಯೋಗವನ್ನು ಕಳುಹಿಸಿತು. ಮತ ಹಾಕತಕ್ಕವರು ಯಾರು? ಸ್ಪೇನ್ 1974ರಲ್ಲಿ ಮಾಡಿದ ಜನಗಣತಿಯಲ್ಲಿದ್ದವರೆಂದು ಒಂದು ಪಕ್ಷ, ಇನ್ನೂ ಅನೇಕರನ್ನು ಸೇರಿಸಬೇಕೆಂದು ಇನ್ನೊಂದು. ಮತದಾರರ ಪಟ್ಟಿಯ ಈ ಜಗಳದಲ್ಲೇ ವರ್ಷಗಳು ಉರುಳಿದವು. ಮತದಾನ ಇಂದಿಗೂ ನಡೆದಿಲ್ಲ. ಕದನವಿರಾಮವೂ 2020ರಲ್ಲಿ ಮುರಿದುಬಿತ್ತು. ನಮ್ಮ ದೇಶ ಸಹರಾವಿ ಗಣರಾಜ್ಯಕ್ಕೆ 1985ರಲ್ಲಿ ಮನ್ನಣೆಯಿತ್ತು, 2000ದಲ್ಲಿ ಅದನ್ನು ಹಿಂತೆಗೆದುಕೊಂಡಿತೆಂಬುದನ್ನೂ ಇಲ್ಲಿ ಹೇಳಬೇಕು.

ವಿಶ್ವಸಂಸ್ಥೆಯ 2018ರ ಎಣಿಕೆಯಂತೆ ಬಿಡಾರಗಳಲ್ಲಿ 1,73,600 ಮಂದಿ ಇದ್ದಾರೆ. ಬೇಸಿಗೆಯ ಬಿಸಿಲು 50 ಡಿಗ್ರಿ ಮುಟ್ಟುತ್ತದೆ. ಬೇಸಾಯಕ್ಕೆ ನೆಲವಿಲ್ಲ, ಹಿಟ್ಟು, ಬೇಳೆ, ಎಣ್ಣೆ ಹೊರಗಿನವರು ಕೊಟ್ಟರುಂಟು. ಗಂಡಸರು ಯುದ್ಧಕ್ಕೆ ಹೋಗಿದ್ದ ದಿನಗಳಲ್ಲಿ ಬಿಡಾರಗಳನ್ನು ಕಟ್ಟಿ ನಡೆಸಿದವರು ಹೆಂಗಸರು. ಶಾಲೆಗಳನ್ನೂ ತೆರೆದರು. ಅರಬ್ಬಿಯ ಜೊತೆಗೆ, ತಮ್ಮನ್ನು ಕೈಬಿಟ್ಟ ಸ್ಪೇನಿನ ಭಾಷೆಯನ್ನೂ ಮಕ್ಕಳಿಗೆ ಕಲಿಸುತ್ತಾರೆ. ಉಪಾಧ್ಯಾಯನಾದ ನನಗೆ ಈ ಸಂಗತಿ ಮರೆಯುವಂಥದಲ್ಲ.

ಮೊದಮೊದಲು ಎಲ್ಲರದೂ ಗುಡಾರವೇ. ನಾಳೆ ಹೊರಡುವವರಿಗೆ ಗೋಡೆಯೇಕೆ? ವರ್ಷ ಕಳೆದಂತೆ ಗುಡಾರದ ಪಕ್ಕದಲ್ಲಿ ಹಸಿ ಇಟ್ಟಿಗೆಯ ಕೋಣೆಗಳೆದ್ದವು. 2015ರ ಅಕ್ಟೋಬರಿನಲ್ಲಿ ಆ ಮರುಭೂಮಿಯಲ್ಲಿ ದಿನಗಟ್ಟಲೆ ಮಳೆ ಸುರಿದು, ಸಾವಿರಾರು ಮನೆಗಳು ಕರಗಿ ನೆಲಕ್ಕೆ ಕೂಡಿದವು. ಅದೇ ಮಣ್ಣನ್ನು ಕಲಸಿ ಮತ್ತೆ ಇಟ್ಟಿಗೆ ಹಾಕಿದರು.