ವ್ಯಾಧಿಶಾಂತಿಯ ಆರಾಧನೆಯೂ ನಾಟಕವೂ

ಹೈದರಾಬಾದು ನಗರದ ಬೇಗಂಪೇಟೆಯಲ್ಲಿ, ಹಳೆಯ ವಿಮಾನನಿಲ್ದಾಣದ ಸಮೀಪ, ಸರ್ ರೊನಾಲ್ಡ್ ರಾಸ್ ಅವರ ಹೆಸರನ್ನು ಹೊತ್ತ ಕಟ್ಟಡವೊಂದುಂಟು. ಮಲೇರಿಯಾದ ರೋಗಾಣುವು ಸೊಳ್ಳೆಯ ಜಠರದಲ್ಲಿ ಬೆಳೆಯುವುದನ್ನು ಅವರು 1897ರ ಆಗಸ್ಟ್ 20ರಂದು ಕಂಡುಹಿಡಿದುದು ಇಲ್ಲಿ. ಚಳಿಜ್ವರವು ಹೇಗೆ ಬರುತ್ತದೆಂಬ ಪ್ರಶ್ನೆಗೆ ಉತ್ತರದ ದಾರಿ ಅಂದು ತೆರೆಯಿತು. ಆದರೆ ಬೇನೆಬಿದ್ದವನ ಮನೆಯವರು ಕೇಳುವ ಪ್ರಶ್ನೆ ಇನ್ನೊಂದಿದೆ: ಇದು ನಮಗೇ ಏಕೆ ಬಂತು, ಯಾರ ತಪ್ಪಿಗೆ ಬಂತು? ಸೂಕ್ಷ್ಮದರ್ಶಕವು ಇದಕ್ಕೆ ಉತ್ತರ ಹೇಳದು. ಆರಾಧನೆಯೂ ನಾಟಕವೂ ಒಂದನ್ನೊಂದು ಸಂಧಿಸುವುದು ಈ ಎರಡನೆಯ ಪ್ರಶ್ನೆಯ ಬಳಿಯಲ್ಲಿ.

ನೆರೆಯ ಸಿಕಂದರಾಬಾದಿನ ಉಜ್ಜಯಿನಿ ಮಹಾಂಕಾಳಿಯ ಗುಡಿಯ ಮೂಲಕಥೆಯನ್ನೇ ನೋಡಬಹುದು. 1813ರಲ್ಲಿ ಕಾಲರಾ ಹಬ್ಬಿದಾಗ, ಪಡೆಯೊಡನೆ ಉಜ್ಜಯಿನಿಗೆ ಹೋಗಿದ್ದ ಸುರಿಟಿ ಅಪ್ಪಯ್ಯನೆಂಬ ಡೋಲಿ ಹೊರುವಾತನು, ಬೇನೆ ಅಡಗಿದರೆ ಅಲ್ಲಿಯ ದೇವಿಯನ್ನು ತನ್ನೂರಿನಲ್ಲಿ ನೆಲೆಗೊಳಿಸುವೆನೆಂದು ಹರಕೆ ಹೊತ್ತನಂತೆ. 1815ರಲ್ಲಿ ಮರಳಿ ಬಂದು ಮರದ ವಿಗ್ರಹವನ್ನು ಸ್ಥಾಪಿಸಿದನೆಂದು ಪ್ರತೀತಿ. ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಹೋದವನ ಭಯದಿಂದ ಹುಟ್ಟಿದ ಗುಡಿಯಿದು. ಆಷಾಢದ ಬೋನಾಲು ಹಬ್ಬದಲ್ಲಿ, ಬೋನಗಳನ್ನು ಅರ್ಪಿಸಿದ ಮರುದಿನ, ಇಲ್ಲಿ ಹೆಣ್ಣುಮಗಳೊಬ್ಬಳು ಸುಡದ ಹಸಿ ಮಡಕೆಯ ಮೇಲೆ ನಿಂತು ಆವೇಶದಿಂದ ನುಡಿಯುತ್ತಾಳೆ. ಮಳೆಯೇನು, ಬೆಳೆಯೇನು, ರೋಗ ಬರುವುದೇ ಎಂದು ಕೇಳುವವರಿಗೆ ಅವಳ ಬಾಯಿಂದ ದೇವಿಯೇ ಉತ್ತರ ಕೊಡುತ್ತಾಳೆ. ಸೇವೆಯಲ್ಲಿ ಲೋಪವಾಗಿದ್ದರೆ ಗದರುವುದೂ ಉಂಟು. ಈ ವಿಧಿಗೆ ಜನರು ಇಟ್ಟಿರುವ ಹೆಸರೇ ‘ರಂಗಂ’.

ಕಲಬುರಗಿ, ರಾಯಚೂರು, ಬೀದರುಗಳಿಂದ ಓದಿಗೂ ನೌಕರಿಗೂ ಈ ರಾಜಧಾನಿಗೆ ಬಂದ ಕನ್ನಡಿಗರಿಗೆ ಇದೆಲ್ಲ ತೀರ ಹೊಸದೆನಿಸಿರಲಾರದು; ಮಾರಿಯ ಜಾತ್ರೆ ಅವರ ಊರುಗಳಲ್ಲಿಯೂ ಉಂಟಷ್ಟೆ. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದುವು. ನಗರದಲ್ಲಿ ಉಳಿದವರು ಒಂದು ಹೆಜ್ಜೆಯನ್ನೂ ಕದಲದೆ ಹೊರನಾಡಿಗರಾದರು.

ಪ್ರಶ್ನೋತ್ತರವೇ ಚಿಕಿತ್ಸೆಯಾಗುವ ಬಗೆಯನ್ನು ಸ್ಪಷ್ಟವಾಗಿ ಕಾಣಬೇಕಾದರೆ ತುಳುನಾಡಿನ ಸಿರಿಜಾತ್ರೆಯತ್ತ ತಿರುಗಬೇಕು. ಸಿರಿಯು ಗಂಡನ ಅನ್ಯಾಯವನ್ನು ಸಹಿಸದೆ ಎಳೆಯ ಮಗ ಕುಮಾರನೊಡನೆ ಮನೆ ತೊರೆದು ಪರವೂರಿನ ದಾರಿ ಹಿಡಿದವಳು. ಅವಳ ಕಥೆಯನ್ನು ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಕನ್ನಡನಾಡಿನ ವಿದ್ವಾಂಸರೊಡಗೂಡಿ 1998ರಲ್ಲಿ ಪ್ರಕಟಿಸಿದರು. ಅದು 15,683 ಸಾಲುಗಳಷ್ಟು ದೀರ್ಘವಾದುದು. ನಂದಳಿಕೆ, ಕವತ್ತಾರು, ಹಿರಿಯಡಕ ಮೊದಲಾದೆಡೆ ಹುಣ್ಣಿಮೆಯ ರಾತ್ರಿ ಹಿಂಗಾರ ಹಿಡಿದ ಹೆಂಗಸರು ಸಾಲುಗೂಡಿ ನಡುಗುತ್ತಾರೆ. ಕುಮಾರನ ಪಾತ್ರಿಯು ಪಾಡ್ದನದ ಧಾಟಿಯಲ್ಲಿ ಒಬ್ಬೊಬ್ಬಳನ್ನೂ ‘ನೀನು ಯಾರು?’ ಎಂದು ಕೇಳುತ್ತಾನೆ. ಹೊಸಬಳಿಗೆ ಮಾತು ಬಾರದು. ಅಳು, ಕೂಗು ಮಾತ್ರ. ಜೊತೆಗೆ ಬಂದ ಗಂಡನೋ ಅತ್ತೆಯೋ ಪಕ್ಕದಲ್ಲಿ ನಿಂತು ಮನೆಯ ಸಂಗತಿಗಳಿಗೆ ಉತ್ತರ ಕೊಡಬೇಕಾಗುತ್ತದೆ. ಕೊನೆಗೆ ಅವಳು ಸಿರಿ, ಸೊನ್ನೆ, ಅಬ್ಬಗ, ದಾರಗ ಇವರಲ್ಲಿ ಒಬ್ಬಳ ಹೆಸರನ್ನು ತನ್ನದೆಂದು ಹೇಳಿದಾಗ ನೋವಿಗೆ ಒಂದು ಕಥೆ ದೊರೆತಂತಾಗುತ್ತದೆ. ಮನೆಯಲ್ಲಿ ಯಾರೂ ಕೇಳದಿದ್ದ ಮಾತನ್ನು ಇಲ್ಲಿ ಕೇಳಲೇಬೇಕು. ಔಷಧವಿರುವುದು ಬಹುಶಃ ಇಲ್ಲಿಯೇ.

ಗ್ರೀಕರಲ್ಲಿಯೂ ಇಂತಹ ನೆರೆತನವಿದ್ದಿತು. ಎಪಿಡಾರಸಿನ ಪ್ರಸಿದ್ಧ ರಂಗಸ್ಥಳವು ಆರೋಗ್ಯದೇವತೆಯಾದ ಅಸ್ಕ್ಲೀಪಿಯಸನ ಕ್ಷೇತ್ರದಲ್ಲಿದೆ. ಸೊಫೊಕ್ಲೀಸನ ‘ಈಡಿಪಸ್’ ನಾಟಕವು ಆರಂಭವಾಗುವುದೇ ಮಾರಿಬೇನೆಯಿಂದ ನರಳುವ ಊರು ದೊರೆಯ ಬಾಗಿಲಲ್ಲಿ ಬಂದು ಕುಳಿತಾಗ. ಲಂಕೇಶರ ಅನುವಾದದಲ್ಲಿ ಕನ್ನಡಿಗರೂ ಅದನ್ನು ಬಲ್ಲರು. ಅಲ್ಲಿಯೂ ‘ಯಾರ ತಪ್ಪಿಗೆ?’ ಎಂಬ ಪ್ರಶ್ನೆಯೇ ನಾಟಕವನ್ನು ನಡೆಸುತ್ತದೆ, ಕೇಳಿದವನನ್ನೇ ಕೊನೆಗೆ ಹಿಡಿಯುತ್ತದೆ.

ಹಾಗಾದರೆ ಆರಾಧನೆಯನ್ನು ರಂಗಕ್ಕೆ ತರುವುದೆಂತು? ಡಕ್ಕೆ, ಅಣಿ, ಮುಖವರ್ಣಿಕೆಗಳನ್ನು ತಂದು ತುಂಬಿದರೆ ಆಯಿತೆಂದು ತಿಳಿದ ಪ್ರಯೋಗಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ವೇಷವಿರುತ್ತದೆ, ರೋಗಿಯಿರುವುದಿಲ್ಲ. ಗಿರೀಶ ಕಾರ್ನಾಡರ ‘ನಾಗಮಂಡಲ’ ಈ ತಪ್ಪನ್ನು ಮಾಡಲಿಲ್ಲ. ಕರಾವಳಿಯಲ್ಲಿ ನಾಗಮಂಡಲವೆಂದರೆ ಐದು ಬಣ್ಣದ ಮಂಡಲದ ಸುತ್ತ ಪಾತ್ರಿಯೂ ವೈದ್ಯರೂ ಇರುಳೆಲ್ಲ ಕುಣಿಯುವ ಸೇವೆ. ಸಂತಾನವಿಲ್ಲದವರೂ ಚರ್ಮರೋಗಿಗಳೂ ಹೊರುವ ಹರಕೆ. ನಾಟಕವು ಅದರಿಂದ ಹೆಸರನ್ನಷ್ಟೇ ಪಡೆದು, ಕುಣಿತವನ್ನು ಬಿಟ್ಟು, ತವರಿನಿಂದ ದೂರವಾಗಿ ಬೀಗದೊಳಗೆ ಒಂಟಿಯಾದ ರಾಣಿಯನ್ನು ಪಂಚಾಯಿತಿಯ ಮುಂದೆ ನಿಲ್ಲಿಸುತ್ತದೆ. ಹುತ್ತಕ್ಕೆ ಕೈಯಿಟ್ಟು ಅವಳು ಆಡುವ ಮಾತು ಊರಿನ ಪ್ರಶ್ನೆಗೆ ಉತ್ತರ. ಸತ್ಯವೂ ಹೌದು, ಅವಳರಿಯದಂತೆ ಅದಕ್ಕಿಂತ ಹೆಚ್ಚೂ ಹೌದು.

ಈ ನಾಟಕ ರೂಪುಗೊಂಡುದು 1987-88ರಲ್ಲಿ, ಕಾರ್ನಾಡರು ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿದ್ದಾಗ. ಅದರ ಎರಡು ಜನಪದ ಕಥೆಗಳನ್ನು ಅವರಿಗೆ ಹೇಳಿದವರು, 1993ರಲ್ಲಿ ತೀರಿಕೊಳ್ಳುವವರೆಗೂ ಆ ನಗರದಲ್ಲಿ ನೆಲೆಸಿದ್ದ ಎ. ಕೆ. ರಾಮಾನುಜನ್. ಪೂರ್ವರಂಗದಲ್ಲಿ ಮನೆಮನೆಯ ದೀಪದ ಕುಡಿಗಳು ಪಾಳುಗುಡಿಯಲ್ಲಿ ಸೇರುತ್ತವೆ. ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡವಳಿಂದ ತಪ್ಪಿಸಿಕೊಂಡ ಕಥೆಯೊಂದು ಸೀರೆಯುಟ್ಟು ಬಂದು ಕೇಳುವವನನ್ನು ಹುಡುಕುತ್ತದೆ. ನಿದ್ರಿಸಿದರೆ ಸಾಯುವೆನೆಂಬ ಶಾಪಕ್ಕೊಳಗಾದ ನಾಟಕಕಾರನಿಗೆ ಅದನ್ನು ಕೇಳುವುದೇ ಜೀವದಾನ. ಮನೆ ಕಳೆದುಕೊಂಡ ಕಥೆಯ ಈ ಚಿತ್ರವು ಹೊರದೇಶದ ಚಳಿಯಲ್ಲಿ ಮೂಡಿತೆಂಬುದು ಆಕಸ್ಮಿಕವಿರಲಾರದು. 1993ರಲ್ಲಿ ಮಿನಿಯಾಪೊಲಿಸಿನ ಗತ್ರಿ ರಂಗಮಂದಿರವು ಇದನ್ನು ಇಂಗ್ಲಿಷಿನಲ್ಲಿ ಆಡಿತು.

ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ಇದಕ್ಕೆ ಪ್ರತಿಯಾದ ದಾರಿಯಲ್ಲಿ ನಡೆದಿದ್ದರು: ಸೊಫೊಕ್ಲೀಸನ ‘ಏಜಾಕ್ಸ್’ ನಾಟಕದ ಹುಚ್ಚನ್ನೂ ಅವಮಾನವನ್ನೂ ಭಾರತದ ವೀರನಿಗೆ ಹೊಂದಿಸಿ ‘ಅಶ್ವತ್ಥಾಮನ್’ ಬರೆದರು. ಅದೇ ‘ಏಜಾಕ್ಸ್’ ನಾಟಕವನ್ನು ಅಮೆರಿಕದ ಬ್ರಯಾನ್ ಡೋರೀಸ್ ಎಂಬವರು 2008ರಿಂದ ಸೈನಿಕರ ಮುಂದೆ ಓದಿಸುತ್ತ ಬಂದಿದ್ದಾರೆ. ಅಲ್ಲಿ ವೇಷವಿಲ್ಲ, ಪರದೆಯಿಲ್ಲ. ನಟರು ಮೇಜಿನ ಹಿಂದೆ ಕುಳಿತು ಓದುತ್ತಾರೆ. ಓದು ಮುಗಿದ ಬಳಿಕ ಸಭಿಕರನ್ನು ಪ್ರಶ್ನಿಸಲಾಗುತ್ತದೆ. ಯುದ್ಧದಿಂದ ಮರಳಿದವರೂ ಅವರ ಮಡದಿಯರೂ ಒಬ್ಬೊಬ್ಬರಾಗಿ ಎದ್ದು, ಮನೆಯಲ್ಲಿ ಆಡಲಾರದಿದ್ದ ಮಾತುಗಳನ್ನು ಗಂಟೆಗಟ್ಟಲೆ ಆಡುತ್ತಾರೆ.