ಬಾಸ್ ಕೈಯಲ್ಲಿ ವಿಮಾನವಿದ್ದಾಗ

1978ರಿಂದ 1990ರವರೆಗೆ ಪೈಲಟ್‌ಗಳ ತಪ್ಪಿನಿಂದಾದ 37 ದೊಡ್ಡ ಅಪಘಾತಗಳ ಕಡತಗಳನ್ನು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಒಟ್ಟಿಗೆ ಹರಡಿಕೊಂಡು ನೋಡಿತು. ನೂರಕ್ಕೆ 80ಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ವಿಮಾನ ಹಾರಿಸುತ್ತಿದ್ದವರು ಕ್ಯಾಪ್ಟನ್. ಸಾಮಾನ್ಯವಾಗಿ ಕ್ಯಾಪ್ಟನ್ನೂ ಕೋ-ಪೈಲಟ್ಟೂ ಸರದಿಯ ಮೇಲೆ ಹಾರಿಸುತ್ತಾರೆ. ಹಾಗಿದ್ದಮೇಲೆ ಅನುಭವಸ್ಥರ ಕೈಯಲ್ಲೇ ಅಪಘಾತ ಹೆಚ್ಚೇಕೆ?

ಕಿರಿಯರು ಹಾರಿಸುವಾಗ ತಪ್ಪು ಕಂಡರೆ ಕ್ಯಾಪ್ಟನ್ ತಕ್ಷಣ ಗದರುತ್ತಾರೆ, "ಸ್ಪೀಡ್ ಇಳಿಸು" ಎಂದು. ತಪ್ಪು ಕ್ಯಾಪ್ಟನ್ನರದಾದರೆ ಪಕ್ಕದ ಸೀಟಿನಿಂದ ಬರುವ ಮಾತೇ ಬೇರೆ: "ಸರ್, ಸ್ಪೀಡು ಸ್ವಲ್ಪ ಜಾಸ್ತಿ ಇದೆಯೇನೋ..." ಪೈಲಟ್‌ಗಳ ಮಾತುಗಾರಿಕೆಯನ್ನು ಅಭ್ಯಸಿಸಿದ ಜೂಡಿತ್ ಒರಸಾನು ಮತ್ತು ಉಟೆ ಫಿಷರ್ ಕಂಡದ್ದೂ ಇದನ್ನೇ. ಒಂದೇ ಅಪಾಯದ ಎದುರು ಕ್ಯಾಪ್ಟನ್‌ಗಳು ಆಜ್ಞೆ ಮಾಡುತ್ತಾರೆ, ಕಿರಿಯರು ಸೂಚ್ಯವಾಗಿ ಹೇಳುತ್ತಾರೆ. ಯಾವ ಆಫೀಸಿನ ಮೀಟಿಂಗಿನಲ್ಲಿ ಕುಳಿತವರಿಗೂ ಇದು ಹೊಸದಲ್ಲ. ವಿಮಾನದ ವಿಶೇಷವೆಂದರೆ ಅಲ್ಲಿ ಆಡಿದ ಮಾತೆಲ್ಲ ಕಪ್ಪು ಪೆಟ್ಟಿಗೆಯಲ್ಲಿ ದಾಖಲಾಗುತ್ತದೆ, ಅಷ್ಟೇ.

ಅಂಥ ದಾಖಲೆಯೊಂದು ನಮ್ಮ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ್ದು. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಗುಡ್ಡದ ಮೇಲಿನ ರನ್‌ವೇ ಮೀರಿ ಕಮರಿಗೆ ಉರುಳಿತು. 158 ಮಂದಿ ಸತ್ತರು, ಎಂಟು ಜನ ಉಳಿದರು. ಊರಿನ ಮಾತಿನಲ್ಲಿ ಇಂದಿಗೂ ಅದು ಟೇಬಲ್‌ಟಾಪ್ ರನ್‌ವೇಯ ಕತೆ. ತನಿಖಾ ವರದಿ ಓದಿದರೆ ಕತೆ ಕಾಕ್‌ಪಿಟ್‌ನೊಳಗಿನದು ಅನ್ನಿಸುತ್ತದೆ. ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದ ಕ್ಯಾಪ್ಟನ್ ವಿಮಾನವನ್ನು ಇರಬೇಕಾದ್ದಕ್ಕಿಂತ ಎತ್ತರದಿಂದ ಇಳಿಸತೊಡಗಿದ್ದರು. ಕೋ-ಪೈಲಟ್ ಮೂರು ಸಲ "ಗೋ ಅರೌಂಡ್" ಎಂದರು. ಇಳಿಯುವುದು ಬೇಡ, ಮತ್ತೆ ಮೇಲೇರಿ ಸುತ್ತಿ ಬರೋಣ ಎಂದು ಅದರ ಅರ್ಥ. ಯಂತ್ರವೂ ಎಚ್ಚರಿಸುತ್ತಿತ್ತು. ಕ್ಯಾಪ್ಟನ್ ಇಳಿಸಿಯೇಬಿಟ್ಟರು.

ಇಲ್ಲಿ ಕಿರಿಯರು ಬಾಯಿ ಮುಚ್ಚಿಕೊಂಡಿರಲಿಲ್ಲ. ಆದರೆ ನಿಯಂತ್ರಣವನ್ನು ತಾವೇ ಕೈಗೆ ತೆಗೆದುಕೊಳ್ಳಲಿಲ್ಲ. ಯಾಕೆ? ಕೋ-ಪೈಲಟ್ ಯಾವಾಗ ಹಾಗೆ ಮಾಡಬಹುದು ಎಂಬ ನಿಯಮಗಳೇ ಅಸ್ಪಷ್ಟವಾಗಿದ್ದವು, ಬಹುಶಃ ಅದಕ್ಕೇ ಎಂದಿತು ವರದಿ. "ಧೈರ್ಯವಾಗಿ ಮಾತಾಡಿ" ಎಂದು ನೌಕರರಿಗೆ ತರಬೇತಿ ಕೊಡುವ ಕಂಪನಿಗಳು ನೋಡಬೇಕಾದ ಸಾಲು ಅದು. ಮಾತಾಡಿದ್ದಾಯಿತು, ಮೇಲಿನವರು ಕೇಳಲಿಲ್ಲ. ಮುಂದೇನು?

ವಿಮಾನಯಾನದಲ್ಲಿ ಇದಕ್ಕೊಂದು ನೇರ ಉತ್ತರವಿದೆ. ಎರಡು ಸಲ ಎಚ್ಚರಿಸಿದರೂ ಪ್ರತಿಕ್ರಿಯೆ ಬಾರದಿದ್ದರೆ ನಿಯಂತ್ರಣ ತೆಗೆದುಕೊ ಎಂಬ ಪದ್ಧತಿ. 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದ ನಂತರ ಬೆಳೆದ ತರಬೇತಿಗಳು ಕಿರಿಯರಿಗೆ ಮಾತಾಡಲು ಕಲಿಸಿದಷ್ಟೇ ಕ್ಯಾಪ್ಟನ್‌ಗಳಿಗೆ ಕೇಳಿಸಿಕೊಳ್ಳಲೂ ಕಲಿಸಿದವು. ಆಫೀಸಿನಲ್ಲಿ ಎರಡನೇ ಎಚ್ಚರಿಕೆಯ ನಂತರದ ನಿಯಮ ಬರೆದಿಟ್ಟವರು ವಿರಳ. ಯಾರನ್ನು ಎಚ್ಚರಿಸಬೇಕೋ ಅವರೇ ವರ್ಷದ ಕೊನೆಗೆ ಅಪ್ರೈಸಲ್ ಬರೆಯುತ್ತಾರೆ. ಇಂಕ್ರಿಮೆಂಟು, ರಜೆ, ಮುಂದಿನ ಪ್ರಾಜೆಕ್ಟು ಎಲ್ಲವೂ ಅವರ ಕೈಯಲ್ಲೇ.

ಹಾಗಾದಾಗ ಕೆಳಗಿನ ಸುದ್ದಿ ಮೇಲೇರುವುದಿಲ್ಲ. ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ ಆಸ್ಪತ್ರೆ ವಾರ್ಡುಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಭ್ಯಸಿಸಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ಊಹೆ. ಲೆಕ್ಕ ತಿರುವುಮುರುವಾಗಿ ಬಂತು, ಒಳ್ಳೆಯ ತಂಡಗಳಲ್ಲೇ ಹೆಚ್ಚು! ಕೆದಕಿ ನೋಡಿದಾಗ ಸಿಕ್ಕ ವಿವರಣೆ ಇದು: ಮೇಲ್ವಿಚಾರಕಿ ಗದರದ ಕಡೆ ನರ್ಸ್‌ಗಳು ತಪ್ಪನ್ನು ಹೇಳಿಕೊಳ್ಳುತ್ತಿದ್ದರು, ಬೈಗುಳ ಬೀಳುವ ಕಡೆ ಮುಚ್ಚಿಡುತ್ತಿದ್ದರು. ತಿಂಗಳ ವರದಿಯನ್ನಷ್ಟೇ ನೋಡುವ ಆಡಳಿತ ಮಂಡಳಿಯೊಂದು ಬಹುಮಾನ ಕೊಡಲು ಹೊರಟರೆ, ಅದು ಹೋಗುವುದು ಮುಚ್ಚಿಟ್ಟ ವಾರ್ಡಿಗೆ.